ಹಳ್ಳದ ದಂಡೆಯ ಅಪ್ಪೆ

ಫೆಬ್ರವರಿ ೩
ಭರಣಿಗಳನ್ನು ಬಿಸಿಲಿಗಿಟ್ಟಾಯಿತು. ಮಿಡಿ ಕೊಯ್ದುಕೊಡುವ ಬೆಳ್ಳಪ್ಪ ಹಳ್ಳದ ದಂಡೆಯ ಅಪ್ಪೆಮಾವಿನ ಮರ ಹತ್ತಿ ನೋಡಿ ಬಂದ — ಮಿಡಿ ಇನ್ನೂ ಎಳೆಯದು, ಎರಡು ವಾರ ಬೇಕಂತೆ. ಆ ಒಂದು ಮರದ ಮಿಡಿಯಿಂದಲೇ ನಮ್ಮ ಉಪ್ಪಿನಕಾಯಿಗೆ ಹೆಸರು. ಸಾಗರದ ಅಂಗಡಿಯವರು ಕೇಳುವುದೂ ಆ ಪರಿಮಳವನ್ನೇ.
ಮಧ್ಯಾಹ್ನ ಹೊಸನಗರದಲ್ಲಿ ಮನೆ ತಿನಿಸು ಮಾರುವವರಿಗೆ ತರಬೇತಿ. ಸುಪ್ರಿಯಾ ಮೇಡಂ ಪಾಠ: “ಲೇಬಲ್ ಮೇಲೆ ಕಥೆ ಇರ್ಬೇಕು ಯಶೋಧಾ ಅವ್ರೇ. ಎಲ್ಲಿಯ ಮಿಡಿ, ಯಾವ ಮರ... ಸಿಟಿಯೋರಿಗೆ ಅದೇ ಬೇಕು.”

ಫೆಬ್ರವರಿ ೪
ಲೇಬಲ್ ಮೇಲೆ ಮರದ ಜಾಗ ಬರೆಯಲು ಅತ್ತೆಗೆ ಒಪ್ಪಿಗೆಯಿಲ್ಲ.
“ಅಣಬೆ ಏಳೋ ಜಾಗ, ಮಿಡಿ ಮರ — ಗಂಡಂಗೂ ಹೇಳ್ಬಾರ್ದು ಕಣೇ.”
“ಮಾವಂಗೆ ಹೇಳಿರ್ಲಿಲ್ವಾ?”
“ಸಾಯೋವರ್ಗೂ ಕೇಳಿದ್ರು ಪಾಪ.”
ನಕ್ಕೆವು. ಬೆಳ್ಳಪ್ಪನೂ ಬುಟ್ಟಿಗೆ ಸೊಪ್ಪು ಮುಚ್ಚಿ ಸುತ್ತುದಾರಿಯಲ್ಲೇ ಬರುತ್ತಾನೆ. ಹಳೇ ಕಾಲದ ಗುಟ್ಟು ಎಂದುಕೊಂಡು ಬರೆದೇಬಿಟ್ಟೆ: ‘ಹಿರೇಹಳ್ಳದ ಕಾಲುಸಂಕದ ಪಕ್ಕದ ಅಪ್ಪೆ’. ಕಳೆದ ವರ್ಷದ ಬಾಟಲಿಗಳಿಗೆ ಅಂಟಿಸಿ ಸಾಗರ, ತೀರ್ಥಹಳ್ಳಿಗೆ ಕಳಿಸಿದೆ.

ಫೆಬ್ರವರಿ ೧೮
ಬೆಳ್ಳಪ್ಪ ಖಾಲಿ ಬುಟ್ಟಿ ಹೊತ್ತು ಬಂದ.
“ಕೊಂಬೆ ಒಂದೂ ಉಳಿಸಿಲ್ಲ ಯಶೋಧಕ್ಕಾ. ಬೋಳು ಕಂಬ ನಿಂತದೆ.”
ಹೋಗಿ ನೋಡಿದೆ. ಕಡಿದಲ್ಲೆಲ್ಲ ಸೊನೆ ಇಳಿಯುತ್ತಿತ್ತು. ಹತ್ತುವ ಕಷ್ಟ ಯಾರಿಗೆ ಬೇಕು? ಕೊಂಬೆ ಕೆಡವಿದರೆ ನೆಲದಲ್ಲೇ ಕೂತು ಕೊಯ್ಯಬಹುದು. ಈ ಕಾಡಿನ ರಾಂಪತ್ರೆ ಮರಗಳು ಹೀಗೇ ಹೋದವು. ಉಪ್ಪಾಗೆಯೂ ಹೀಗೇ. ನಾನು ಮರೆತಿಲ್ಲ. ಆಗಲೂ ಪತ್ರಿಕೆಗೆ ಬರೆದಿದ್ದೆ. ಅಚ್ಚಾಯಿತು... ಅಷ್ಟೇ.
ಅರಣ್ಯ ಇಲಾಖೆ ಕಚೇರಿಗೆ ಹೋದರೆ, “ದಂಡೆ ಸರ್ಕಾರದ್ದು. ನಿಮ್ಮ ಮರ ಅಂತ ಹೇಗೆ ಹೇಳ್ತೀರಿ?”
ನಮ್ಮದೆಂದು ಯಾರು ಹೇಳಿದರು? ಸರ್ಕಾರದ್ದಾದರೆ ಸರ್ಕಾರಕ್ಕಾದರೂ ನೋಯಬೇಡವೇ?

ಫೆಬ್ರವರಿ ೧೯, ಬೆಳಿಗ್ಗೆ
ಬಾಗಿಲಲ್ಲಿ ಪಿಕಪ್. ಮೇಳಿಗೆ ಕಡೆಯ ಮಿಡಿ ವ್ಯಾಪಾರಿ ಕಾಂತರಾಜ್. ಚೀಲ ಬಿಚ್ಚಿದ. ಅತ್ತೆ ಒಂದು ಮಿಡಿಯ ತೊಟ್ಟು ಮುರಿದು ಮೂಸಿದರು. ಅದನ್ನು ಚೀಲಕ್ಕೇ ಹಾಕಿ ಒಳಗೆ ಹೋದರು. ನಮ್ಮ ಮರದ್ದೇ.
“ನಿಮ್ಮ ಲೇಬಲ್ ನೋಡೇ ಹುಡುಕಿದ್ದು ಅಕ್ಕಾ. ಬೇರೆಯೋರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ.”
ಉಪಕಾರ ಮಾಡಿದವನ ಹಾಗೆ ನಗು! ಕೊಳ್ಳದಿದ್ದರೆ ಈ ವರ್ಷ ಭರಣಿ ಖಾಲಿ, ಕಟ್ಟಿಕೊಂಡ ಗಿರಾಕಿಗಳೂ ಇಲ್ಲ. ಕೊಂಡರೆ ಅವನ ಕತ್ತಿಗೆ ನಾನೇ ಸಾಣೆ ಹಿಡಿದಂತೆ.
“ತಗೊಂಡು ಹೋಗಿ” ಎಂದೆ.
“ಸಿಟ್ಟಾಗ್ಬೇಡಿ. ಇಂಥದ್ದೇ ಇನ್ನೊಂದು ಮರ ಇದ್ರೆ ಹೇಳಿ. ಈ ಸಲ ಹತ್ತೇ ಕೊಯ್ಸ್ತೀನಿ, ದೇವ್ರಾಣೆ.”
“ಇಲ್ಲ. ಇದ್ದದ್ದು ಅದೊಂದೇ.”

ಸಂಜೆ
ಭರಣಿಗಳನ್ನು ಬೋರಲು ಹಾಕಿದೆ. ಈ ವರ್ಷ ಮಿಡಿ ಇಲ್ಲವೆಂದು ಸಾಗರಕ್ಕೆ ಫೋನ್ ಮಾಡಿದೆ. ಅತ್ತೆ ಪಕ್ಕದಲ್ಲಿ ಬಂದು ಕೂತರು. ಕಿವಿಯ ಹತ್ತಿರ ಬಾಗಿ ಹೇಳಿದರು. ಇನ್ನೊಂದು ಮರ ಇದೆಯಂತೆ! ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಹೊಸನಗರದ ದಾರಿಯಲ್ಲಿ ಹೋಗಿ, ಹೊಳೆ ದಾಟಿ — ಬೇಡ, ಇಲ್ಲೂ ಬರೆಯಬಾರದು.