ಹತ್ತಕ್ಕೆ ಸೊನ್ನೆ

ಚಂಪಾ ಆಂಟಿಗೆ ನಮಸ್ಕಾರ.

ನಾನು ಪ್ರಭುದೇವ, ವಾಶಿ ಹಾಸ್ಟೆಲಿನಲ್ಲಿ ನಿಮ್ಮ ಹಿತೇಶನ ರೂಮ್‌ಮೇಟ್. ನಿನ್ನೆ ತಲೆಗೆ ಪೆಟ್ಟಾಗಿ ಮನೆಗೆ ಬಂದ ಅವನು ನಿಮಗೆ ಹೇಳಿದಂತೆ ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದಲ್ಲ. ನಾನು ಹೊಡೆದದ್ದು.

ನಮ್ಮ ಹಾಸ್ಟೆಲ್ ಫುಟ್‌ಬಾಲಿಗೆ ಸೀನಿಯರ್‌ಗಳು ಸರದಿಯಂತೆ ತಮ್ಮ ತಮ್ಮ ಟೀಮಿಗೆ ಫಸ್ಟ್ ಇಯರ್ ಹುಡುಗರನ್ನು ಆರಿಸುತ್ತಾರೆ. ಆಮೇಲೆ ಮೆಸ್ಸಿನಲ್ಲಿ ಎಲ್ಲರೂ ಪ್ರತಿ ಟೀಮಿನ ಆಯ್ಕೆಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಟ್ಟು ಕಿತ್ತಾಡುತ್ತಾರೆ. ನನ್ನನ್ನು ಮೊದಲು ಆರಿಸಿದ ಟೀಮಿಗೆ ಹಿತೇಶ ಸೊನ್ನೆ ಕೊಟ್ಟ. "ಅರೇ ಯಾರ್, ಇವನನ್ನ ಫಸ್ಟ್ ತಗೊಂಡ್ರಾ? ಇವನಿಗಿಂತ ಗೋಲ್‌ಪೋಸ್ಟ್ ಜಾಸ್ತಿ ಓಡುತ್ತೆ!" ಎಲ್ಲರೂ ನಕ್ಕರು. ನೀರು ತುಂಬಿದ ಸ್ಟೀಲ್ ಜಗ್ಗಿನಿಂದ ಅವನ ತಲೆಗೆ ಮೂರು ಸಲ ಹೊಡೆದೆ. ಎರಡನೆಯದಕ್ಕೇ ಅವನು ಬಿದ್ದಿದ್ದ.

ಐದು ನಿಮಿಷ ಅವನಿಗೆ ಎಚ್ಚರವಿರಲಿಲ್ಲ. ನನ್ನನ್ನು ಹಾಸ್ಟೆಲಿನಿಂದ ತೆಗೆಯುತ್ತಾರೆಂದು ಹಿತೇಶನಾಗಲಿ ನೋಡಿದ ಹುಡುಗರಾಗಲಿ ಡಾಕ್ಟರಿಗೂ ಇದನ್ನು ಹೇಳಿಲ್ಲ. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಗಿದೆಯಂತೆ. "ಮಮ್ಮಿಗೆ ಹೇಳ್ಬೇಡ" ಅಂತ ನನಗೆ ಮೆಸೇಜ್ ಮಾಡಿದ್ದಾನೆ.

ತಲೆಯ ಸ್ಕ್ಯಾನ್ ಇವತ್ತೇ ಆಗಬೇಕು. ಡಾಕ್ಟರಿಗೆ ನನ್ನ ಹೆಸರು ಸಮೇತ ಎಲ್ಲ ಹೇಳಿ. ಎದುರು ನಿಂತು ಹೇಳಲು ಧೈರ್ಯ ಬರದೆ ಇದನ್ನು ನಿಮ್ಮ ವಾಚ್‌ಮನ್ ಕೈಲಿ ಮೇಲೆ ಕಳಿಸಿದ್ದೇನೆ. ಕೆಳಗೆ ರಿಕ್ಷಾ ನಿಲ್ಲಿಸಿಕೊಂಡಿದ್ದೇನೆ. ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಅವನನ್ನು ಹಾಗೇ ಕರೆದುಕೊಂಡು ಬನ್ನಿ.

ಇತಿ,
ಪ್ರಭುದೇವ