ಡಾಕ್ಟರು ತೋರಿಸಿದ ಹುಣ್ಣು

ಹನ್ನೊಂದನೆಯ ತಾರೀಖು, ಮಂಗಳವಾರ.

ನನಗಿರುವುದು ಮೂತ್ರಕೋಶದ ಅಪರೂಪದ ಉರಿಯೂತವಂತೆ. ನಳಿಕೆಯಿಂದ ಒಳಗೆ ಔಷಧಿ ತುಂಬಿದ ನರ್ಸಮ್ಮ, "ಅರ್ಧ ಗಂಟೆ ತಡ್ಕೊಳ್ಳಿ, ಮಗ್ಗುಲು ಬದಲಾಯಿಸ್ತಾ ಇರಿ" ಎಂದರು. ತಡೆದುಕೊಳ್ಳಲಾಗದ ಕಾಯಿಲೆಗೆ ತಡೆದುಕೊಳ್ಳುವುದೇ ಚಿಕಿತ್ಸೆ! ಹಲ್ಲು ಕಚ್ಚಿಕೊಂಡು ಹೊರಳಾಡಿದೆ.

ಆಮೇಲೆ ಡಾಕ್ಟರು ನಮ್ಮ ಯಜಮಾನರನ್ನು ಕರೆದು ನನ್ನ ಮೂತ್ರಕೋಶದೊಳಗಿನ ಹುಣ್ಣುಗಳ ಚಿತ್ರ ತೋರಿಸಿದರು. ರಾತ್ರಿಯೆಲ್ಲ ನಾನು ಬಚ್ಚಲಿಗೆ ಓಡುವಾಗ, "ಎಲ್ಲಾ ನಿನ್ನ ಭ್ರಮೆ ಕಣೇ, ಲೈಟ್ ಆರಿಸಿ ಮಲ್ಕೋ" ಎಂದು ಗೊಣಗುತ್ತಿದ್ದ ಮಹಾನುಭಾವರು ಕಣ್ಣರಳಿಸಿದರು.

"ಅಯ್ಯೋ, ಇಷ್ಟು ನೋವಿದ್ರೆ ಬಾಯಿಬಿಟ್ಟು ಹೇಳೋದಲ್ವಾ?"

ಡಾಕ್ಟರೂ ನನ್ನನ್ನೇ ಗದರಿದರು: "ಹೌದಮ್ಮ, ಮುಚ್ಚಿಡಬಾರದು."

ಈಗ ಪಕ್ಕದಲ್ಲಿ ಗೊರಕೆ. ನನಗೆ ಮತ್ತೆ ಉರಿ. ಆಗಲಿ, ಇನ್ನು ಮೇಲೆ ಪ್ರತಿ ಸಲವೂ ಲೈಟ್ ಹಾಕಿ, ಎಬ್ಬಿಸಿ, ಬಾಯಿಬಿಟ್ಟು ಹೇಳಿಯೇ ಹೋಗುತ್ತೇನೆ. ಇಗೋ, ಹೊರಟೆ. ರೀ...