ಆಂಜಿನಮ್ಮನನ್ನು ಕೇಳದೆ ಬರೆದ ವರದಿ

ಪೆರೋಲ್ ಅರ್ಜಿಗಳ ಮೇಲೆ ಕೊನೆಯ ಸಹಿ ಹಾಕುವ ಮಾನ್ಯರೇ,

ನನ್ನ ತಂದೆ ಗಂಗುಲಪ್ಪನವರಿಗೆ ಎಪ್ಪತ್ತಾರು ವರ್ಷ. ಕೊಲೆ ಮಾಡಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾರೆ. ನನ್ನ ತಾಯಿಯ ವರ್ಷದ ತಿಥಿಗೆ ಅವರನ್ನು ಕೆಲವು ದಿನ ಮನೆಗೆ ಕಳಿಸಿ ಎಂದು ಕೇಳಿದ್ದೆ. ಅವರು ಊರಿಗೆ ಬಂದರೆ ಶಾಂತಿಗೆ ಭಂಗ ಬರುತ್ತದೆಂದು ನೀವು ತಿರಸ್ಕರಿಸಿದಿರಿ. ಇದನ್ನು ನಾಲ್ಕು ಜನ ಓದುವ ಹಾಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಕೊಂದವನ ಮಗಳು ಕನಿಕರ ಕೇಳಿದರೆ ಜನ ಏನನ್ನುತ್ತಾರೆಂದು ಗೊತ್ತು.

ನಂಗಲಿ ಹತ್ತಿರದ ನಮ್ಮೂರಿನಲ್ಲಿ ಎರಡು ಮನೆಗಳಿಗೆ ಸೇರಿದ ಒಂದು ಬಾವಿಯಿತ್ತು. ನೀರಿನ ಸರದಿಗೆ ಜಗಳವಾಗಿ, ಅಪ್ಪ ಪಕ್ಕದ ಹೊಲದ ವೆಂಕಟರಮಣಪ್ಪನವರನ್ನು ಸನಿಕೆಯಿಂದ ಹೊಡೆದರು. ಅವರು ಉಳಿಯಲಿಲ್ಲ. ಶಿಕ್ಷೆ ತಪ್ಪೆಂದು ನಾನು ಎಂದೂ ಹೇಳಿಲ್ಲ, ಅಮ್ಮನೂ ಹೇಳಲಿಲ್ಲ. ವೆಂಕಟರಮಣಪ್ಪನವರ ಹೆಂಡತಿ ಆಂಜಿನಮ್ಮನವರಿಗೆ ಮುಖ ತೋರಿಸಲಾಗದೆ, ಅವರ ಬಾಗಿಲ ಮುಂದೆ ಹಾಯದೆ, ಅಮ್ಮ ಕೊನೆಯವರೆಗೂ ಸುತ್ತು ಹಾಕಿಯೇ ನಲ್ಲಿಗೆ ಹೋಗುತ್ತಿದ್ದಳು.

ಕಳೆದ ವರ್ಷ ಅಮ್ಮ ಹಾಸಿಗೆ ಹಿಡಿದಾಗ, ಒಂದು ಸಲ ಅಪ್ಪನನ್ನು ನೋಡಬೇಕು ಎಂದಳು. ಆಗಲೂ ಅರ್ಜಿ ಕೊಟ್ಟೆ. ಉತ್ತರ ಬರುವಷ್ಟರಲ್ಲಿ ಅಮ್ಮ ಹೋಗಿದ್ದಳು. ರೋಗಿಯು ಮರಣ ಹೊಂದಿರುವುದರಿಂದ ಅರ್ಜಿಗೆ ಕಾರಣ ಉಳಿದಿಲ್ಲ ಎಂದು ಬರೆದಿದ್ದಿರಿ. ನಿಜ. ಅಷ್ಟು ಸರಿಯಾದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರಬೇಕು. ನಮ್ಮ ಮನೆಗೆ ಯಾರು ತರುತ್ತಾರೆ ಎಂದು ಕೂತಿದ್ದೆ. ಮೊದಲು ಮುದ್ದೆ, ಸಾರು ತಂದವರು ಆಂಜಿನಮ್ಮ.

“ತಿನ್ನೇ. ವಿಷ ಏನೂ ಹಾಕಿಲ್ಲ” ಎಂದರು. ತಲೆಯೆತ್ತಿ ಅವರನ್ನು ನೋಡಲು ನನ್ನಿಂದಾಗಲಿಲ್ಲ.

ಅರ್ಜಿ ಬಂದಾಗ ಊರಿನ ಅಭಿಪ್ರಾಯ ಕೇಳುವುದು ನಿಮ್ಮ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ತಿಥಿಯ ಅರ್ಜಿಯ ವಿಚಾರಣೆಗೆ ಬಂದ ಪೇದೆಯವರು ಊರೊಳಕ್ಕೇ ಬರಲಿಲ್ಲ. ಹೆದ್ದಾರಿಯ ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, “ಕೊಲೆ ಮಾಡ್ದೋನು ವಾಪಸ್ ಬಂದ್ರೆ ಗಲಾಟೆ ಆಗುತ್ತೇನಪ್ಪಾ?” ಎಂದು ಕೇಳಿದರಂತೆ. “ಮನಕೆಂದುಕು ಸಾರ್, ನಮಗ್ಯಾಕೆ ಈ ರಗಳೆ, ಆಗ್ಬೋದು ಅಂತ ಬರ್ಕೊಳ್ಳಿ” ಎಂದು ತಾವೇ ಹೇಳಿದ್ದಾಗಿ ಅಂಗಡಿಯವರು ಆಮೇಲೆ ನನಗೆ ತಿಳಿಸಿದರು. ಅದು ಊರಿನ ಅಭಿಪ್ರಾಯವಾಯಿತು. ಇಬ್ಬರು ಹಿಡಿದೆಬ್ಬಿಸದೆ ಎದ್ದು ನಿಲ್ಲಲಾಗದ ಮುದುಕ ಯಾವ ಶಾಂತಿಯನ್ನು ಕದಡಬಲ್ಲ? ಗಂಡನನ್ನು ಕಳೆದುಕೊಂಡವರ ಮನೆ ಆ ಅಂಗಡಿಯಿಂದ ಕೂಗಳತೆಯಲ್ಲಿದೆ. ಅವರನ್ನು ಕೇಳುವಷ್ಟು ಪುರುಸೊತ್ತು ನಿಮ್ಮ ಇಲಾಖೆಗೆ ಇರಲಿಲ್ಲವೇ?

ನಿಮ್ಮ ಆದೇಶವನ್ನು ನಾನೇ ಹೋಗಿ ಆಂಜಿನಮ್ಮನವರಿಗೆ ಓದಿ ಹೇಳಿದೆ. ಅವರು ಕಡಲೆಕಾಯಿ ಸುಲಿಯುತ್ತಿದ್ದರು.

“ಗಲಾಟೆನಾ? ಯಾರು, ನಾನಾ?”

“ನಿಮ್ ಕಡೆಯಿಂದ ಆಗ್ಬೋದು ಅಂತ ಬರ್ದಿದಾರೆ.”

“ಅದೇನೋ ಸರೀನೇ. ಮಾಡೇ ಮಾಡ್ತೀನಿ. ಅವ್ನು ಬರ್ಲಿ ಅಂತಾನೇ ಕಾಯ್ತಾ ಇದೀನಿ ಕಣೇ. ಯಾಕೋ ಹಂಗ್ ಮಾಡ್ದೆ ಅಂತ ಎದುರಿಗೆ ನಿಲ್ಲಿಸ್ಕೊಂಡು ಕೇಳ್ಬೇಕು. ಕೋರ್ಟಲ್ಲಿ ವಕೀಲ್ರೇ ಮಾತಾಡಿದ್ರು, ನನ್ನ ಕೇಳಕ್ಕೆ ಬಿಟ್ರಾ?” ಇನ್ನೊಂದು ಕಾಯಿ ಒಡೆದರು. “ಅಲ್ಲೇ ಸತ್ತೋದ್ರೆ ನಾನ್ಯಾರ್ನ ಕೇಳ್ಲಿ ಮುನಿಲಕ್ಷ್ಮಿ?”

ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಉತ್ತರವಿದೆಯೇ?

ನಾನು ಬಿಡುಗಡೆ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ತಿಥಿಗೆ ಇನ್ನೂ ಸಮಯವಿದೆ, ಮತ್ತೆ ಅರ್ಜಿ ಕೊಟ್ಟಿದ್ದೇನೆ. ಈ ಸಲ ನಿಮ್ಮವರನ್ನು ಆಂಜಿನಮ್ಮನವರ ಬಾಗಿಲಿಗೇ ಕಳಿಸಿ. ಅವರು ಬೇಡವೆಂದರೆ ನಾನು ಇನ್ನೆಂದೂ ಕೇಳುವುದಿಲ್ಲ. ಬರಲಿ ಎಂದರೆ ತಡಮಾಡಬೇಡಿ. ನಮ್ಮಪ್ಪನ ವಯಸ್ಸಿನವರ ಅರ್ಜಿಗಳು ಕಾಯಬಲ್ಲವು, ಅವರು ಕಾಯಲಾರರು. ಬೇಕಾದಷ್ಟು ಕಾವಲು ಹಾಕಿ. ಅಮ್ಮನಿಗೆ ಎಡೆ ಇಡುವ ಮೊದಲು ಅಪ್ಪನನ್ನು ಆಂಜಿನಮ್ಮನವರ ಮನೆಯ ಮುಂದೆ ನಿಲ್ಲಿಸುತ್ತೇನೆ. ಅವರು ಏನು ಕೇಳಿದರೂ ನಾನು ಅಡ್ಡ ಬರುವುದಿಲ್ಲ.

ಇಂತಿ,
ಕೇಳಲು ಮುಖವಿಲ್ಲದೆಯೂ ಕೇಳುತ್ತಿರುವ
ಗಂಗುಲಪ್ಪನ ಮಗಳು ಮುನಿಲಕ್ಷ್ಮಿ
ಮುಳಬಾಗಿಲು ತಾಲ್ಲೂಕು